ಹಳೆ ಜಿಪ್ಸಿ ಆಫ್ ಆಗುವುದು, ಆಯಿಲ್ ಸೋರುವುದು: ಒಂದು ಪ್ರಕರಣ ಅಧ್ಯಯನ

ಗಾಡಿ 1998ರ ಮಾರುತಿ ಜಿಪ್ಸಿ ಕಿಂಗ್. 1.3 ಲೀಟರ್ ಪೆಟ್ರೋಲ್ ಎಂಜಿನ್, ಕಾರ್ಬೊರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಮಾದರಿ. ಬನಶಂಕರಿ ಕಡೆಯ ಮಾಲೀಕರು ಅದನ್ನು ನಮ್ಮ ಗ್ಯಾರೇಜಿಗೆ ತಂದಾಗ ಹೇಳಿದ ದೂರು ಚಿಕ್ಕದು: “ಓಡ್ತಾ ಓಡ್ತಾ ಆಫ್ ಆಗುತ್ತೆ. ನಿಲ್ಲಿಸಿದ ಕಡೆಯೆಲ್ಲ ಲೀಕ್.”

ಅಷ್ಟರಲ್ಲಿ ಬೇರೆ ಕಡೆ ಸಾಕಷ್ಟು ಖರ್ಚು ಆಗಿತ್ತು. ಕಾರ್ಬೊರೇಟರ್ ಕಿಟ್ ಹೊಸದು. ಪೆಟ್ರೋಲ್ ಪಂಪ್, ಕಾಯಿಲ್, ಪ್ಲಗ್, ಪ್ಲಗ್ ವೈರ್ ಎಲ್ಲ ಹೊಸದು. ಕೊನೆಗೆ ಒಬ್ಬರು “ರಿಂಗ್ ಹೋಗಿದೆ, ಹಿಂದಿನ ಕ್ರ್ಯಾಂಕ್ ಸೀಲೂ ಹೋಗಿದೆ, ಎಂಜಿನ್ ಇಳಿಸಲೇಬೇಕು” ಅಂದಿದ್ದರಂತೆ. (ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂತು ಹೊಗೆ ಕೆಳಗಿಳಿಯದಂತೆ ತಡೆಯುವ ಬಳೆ. ಕ್ರ್ಯಾಂಕ್ ಸೀಲ್ ಅಂದರೆ ಎಂಜಿನ್‌ನ ಮುಖ್ಯ ಶಾಫ್ಟಿನ ತುದಿಯಲ್ಲಿ ಆಯಿಲ್ ತಡೆಯುವ ಸೀಲ್.) ಮಾಲೀಕರು ಗಾಡಿ ಮಾರುವ ಯೋಚನೆಯಲ್ಲಿದ್ದರು. ಎಂಜಿನ್ ಇಳಿಸುವ ಅಗತ್ಯ ಬರಲಿಲ್ಲ. ಇಂಥ ಜಿಪ್ಸಿಗಳು ಬೆಂಗಳೂರಿನಲ್ಲಿ ಇನ್ನೂ ಬಹಳ ಇವೆ. ಕಾರಣ ಹುಡುಕದೆ ಪಾರ್ಟ್ ಬದಲಿಸುತ್ತಾ ಹೋಗಿ, ಕೊನೆಗೆ ಒಳ್ಳೆಯ ಗಾಡಿಯನ್ನೇ ಗುಜರಿಗೆ ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಕೆಲಸವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಗಾಡಿಯ ಬಗ್ಗೆ ಸ್ವಲ್ಪ ತಿಳಿದಿರಲಿ. ಜಿಪ್ಸಿ 1985ರಲ್ಲಿ 970 ಸಿಸಿ ಎಂಜಿನ್ ಜೊತೆ ಬಂತು. 1996ರಲ್ಲಿ 1298 ಸಿಸಿಯ ಕಿಂಗ್ ಬಂತು. 2000ದ ಹೊತ್ತಿಗೆ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಬಂತು. ಆ ನಡುವಿನ ಕೆಲವು ವರ್ಷಗಳ ಕಿಂಗ್ ಇದು. ಗಟ್ಟಿ ಚಾಸಿ, ನಾಲ್ಕೂ ಕಡೆ ಪಟ್ಟಾ ಸ್ಪ್ರಿಂಗ್. ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಬೇರೆಯಾಗಿ ಕೂತಿದೆ, ನಡುವೆ ಒಂದು ಗಿಡ್ಡ ಪ್ರೊಪೆಲರ್ ಶಾಫ್ಟ್ ಇದೆ. ಹೀಗಾಗಿ ಸಾಮಾನ್ಯ ಕಾರಿಗಿಂತ ಇದರಲ್ಲಿ ಆಯಿಲ್ ಸೀಲ್‌ಗಳು ಜಾಸ್ತಿ. ಸೋರುವ ಜಾಗಗಳೂ ಜಾಸ್ತಿ.

ಎರಡು ರೋಗ, ಒಂದೇ ದೂರು

ನಮ್ಮ ಮೇಸ್ತ್ರಿ ಮೊದಲು ಬಾನೆಟ್ ಎತ್ತಲಿಲ್ಲ. ಮಾಲೀಕರನ್ನು ಕೂರಿಸಿ ಕೇಳಿದರು.

“ಆಫ್ ಆದ್ಮೇಲೆ ತಕ್ಷಣ ಸ್ಟಾರ್ಟ್ ಆಗುತ್ತಾ ಸಾರ್?”

“ಸಿಗ್ನಲ್ಲಲ್ಲಿ ಆಫ್ ಆದ್ರೆ ತಕ್ಷಣ ಆಗುತ್ತೆ ಮೇಸ್ತ್ರಿ. ಕನಕಪುರ ರೋಡಲ್ಲಿ ಹೋಗ್ತಾ ಆಫ್ ಆದ್ರೆ ಮಾತ್ರ ಹತ್ತು ಹದಿನೈದು ನಿಮಿಷ ಕಾಯ್ಬೇಕು.”

“ಪೆಟ್ರೋಲ್ ಕಮ್ಮಿ ಇದ್ದಾಗ ಜಾಸ್ತಿನಾ, ಫುಲ್ ಇದ್ದಾಗ ಜಾಸ್ತಿನಾ?”

“ಫುಲ್ ಹಾಕ್ಸಿದ ದಿನಾನೇ ಜಾಸ್ತಿ. ಅದೇ ವಿಚಿತ್ರ ಅನ್ಸೋದು.”

ಈ ಉತ್ತರಗಳಲ್ಲೇ ಅರ್ಧ ಕೆಲಸ ಮುಗಿಯಿತು. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಆಫ್ ಆಗಿ ತಕ್ಷಣ ಸ್ಟಾರ್ಟ್ ಆಗುವುದು ಐಡ್ಲಿಂಗ್ ತೊಂದರೆ. ಹೈವೇಯಲ್ಲಿ ಎಳೆತ ಕಮ್ಮಿಯಾಗುತ್ತಾ ಬಂದು ಸಾಯುವುದು, ಸುಮ್ನೆ ನಿಂತರೆ ತಾನಾಗಿ ಸರಿಹೋಗುವುದು ಬೇರೆಯದೇ ರೋಗ. ಎರಡನ್ನೂ ಒಂದೇ ಅಂದುಕೊಂಡವರೆಲ್ಲ ಕಾರ್ಬೊರೇಟರ್ ಬಿಚ್ಚಿದ್ದರು. ಒಂದು ಕಡೆ ಸ್ವಲ್ಪ ಸರಿಹೋದಂತೆ ಕಂಡರೆ ಇನ್ನೊಂದು ಕಡೆ ಕೈಕೊಡುತ್ತಿತ್ತು.

ಹೈವೇಯ ತೊಂದರೆಯನ್ನು ಅದು ಆಗುವ ಜಾಗದಲ್ಲೇ ಹಿಡಿಯಬೇಕು. ಗ್ಯಾರೇಜಿನಲ್ಲಿ ನಿಲ್ಲಿಸಿ ಎಷ್ಟು ರೇಸ್ ಮಾಡಿದರೂ ಅದು ಕಾಣಿಸುವುದಿಲ್ಲ. ಟ್ಯಾಂಕ್ ಫುಲ್ ಮಾಡಿಸಿ, ಒಂದು ಸ್ಪೇರ್ ಪ್ಲಗ್ ಮತ್ತು ಸ್ಕ್ರೂ ಡ್ರೈವರ್ ಇಟ್ಟುಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಕನಕಪುರ ರಸ್ತೆ ಹಿಡಿದೆವು. ಕಗ್ಗಲೀಪುರ ದಾಟಿದ ಮೇಲೆ ಗಾಡಿ ಮೊದಲು ತಗ್ಗಿತು, ಸ್ವಲ್ಪ ಚೇತರಿಸಿಕೊಂಡಿತು, ಆಮೇಲೆ ನಿಂತೇಹೋಯಿತು.

ಇಂಥ ಹೊತ್ತಲ್ಲಿ ಗಾಡಿ ತಣ್ಣಗಾಗುವ ಮೊದಲು ಎರಡು ವಿಷಯ ನೋಡಬೇಕು: ಕರೆಂಟ್ ಬರುತ್ತಿದೆಯಾ, ಪೆಟ್ರೋಲ್ ಬರುತ್ತಿದೆಯಾ. ಸ್ಪೇರ್ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ ಎಂಜಿನ್‌ಗೆ ತಾಗಿಸಿ ಸೆಲ್ಫ್ ಹೊಡೆದರೆ ನೀಲಿ ಕಿಡಿ ಚೆನ್ನಾಗಿಯೇ ಬಂತು. (ಪೆಟ್ರೋಲ್ ವಾಸನೆ ಇರುವ ಕಡೆ ಈ ಪರೀಕ್ಷೆ ಬೇಡ.) ಏರ್ ಕ್ಲೀನರ್ ಮುಚ್ಚಳ ತೆಗೆದು, ಕಾರ್ಬೊರೇಟರ್ ಬಾಯಿ ನೋಡುತ್ತಾ ಕೈಯಲ್ಲಿ ಥ್ರಾಟಲ್ ಎಳೆದೆವು. ಪೆಟ್ರೋಲ್ ಚಿಮ್ಮಬೇಕಿತ್ತು, ಚಿಮ್ಮಲಿಲ್ಲ. ಪಾರದರ್ಶಕ ಫಿಲ್ಟರ್ ಹೆಚ್ಚುಕಮ್ಮಿ ಖಾಲಿ. ಟ್ಯಾಂಕ್ ತುಂಬಾ ಪೆಟ್ರೋಲ್ ಇದೆ, ಆದರೆ ಮುಂದಕ್ಕೆ ಬರುತ್ತಿಲ್ಲ.

ಆಗ ಟ್ಯಾಂಕ್ ಮುಚ್ಚಳ ತೆಗೆದೆವು. ಹೊರಗಿನ ಗಾಳಿ ಸೊಯ್ಯೆಂದು ಒಳಗೆ ಎಳೆದುಕೊಂಡಿತು. ಮತ್ತೆ ಸೆಲ್ಫ್ ಹೊಡೆದರೆ ಫಿಲ್ಟರ್ ತುಂಬಿಕೊಂಡಿತು, ಗಾಡಿ ಸ್ಟಾರ್ಟ್ ಆಯಿತು.

ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗಿನ ಒತ್ತಡ ಕುಸಿಯುತ್ತದೆ. ಎಂಜಿನ್ ಓಡಿಸುವ ಹಳೆ ಮೆಕ್ಯಾನಿಕಲ್ ಪಂಪ್‌ಗೆ ಎಳೆಯುವ ಶಕ್ತಿ ಅಷ್ಟೇನೂ ಇಲ್ಲ, ಅದು ಸೋತುಬಿಡುತ್ತದೆ. ಫುಲ್ ಟ್ಯಾಂಕ್ ಇದ್ದಾಗ ತೊಂದರೆ ಜಾಸ್ತಿ ಯಾಕೆ ಅಂತ ಇಲ್ಲೇ ಗೊತ್ತಾಗುತ್ತದೆ. ಟ್ಯಾಂಕ್ 40 ಲೀಟರಿನದು. ಫುಲ್ ಇದ್ದರೆ ಮೇಲೆ ಗಾಳಿಗೆ ಉಳಿಯುವ ಜಾಗ ತೀರಾ ಸ್ವಲ್ಪ. ಎರಡು ಲೀಟರ್ ಖರ್ಚಾದರೂ ಆ ಸ್ವಲ್ಪ ಗಾಳಿ ಹಿಗ್ಗಬೇಕು, ಒತ್ತಡ ಬೇಗ ಕುಸಿಯುತ್ತದೆ. ಅರ್ಧ ಟ್ಯಾಂಕ್ ಇದ್ದರೆ ಮೇಲೆ 20 ಲೀಟರಿನಷ್ಟು ಜಾಗ ಇರುತ್ತದೆ. ಅದೇ ಎರಡು ಲೀಟರ್ ಅಲ್ಲಿ ಹತ್ತರಲ್ಲಿ ಒಂದು ಪಾಲು ಅಷ್ಟೇ. ತಳದ ಕಸದಿಂದ ಆಫ್ ಆಗುವ ಗಾಡಿ ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ಪೆಟ್ರೋಲ್ ಕಮ್ಮಿಯಾದಾಗ ಕೈಕೊಡುತ್ತದೆ. ಬಿಸಿಲಲ್ಲಿ ಜಾಸ್ತಿ ಆಗುವುದಕ್ಕೂ ಇದೇ ಮೂಲ. ಒತ್ತಡ ಕುಸಿದಷ್ಟೂ ಪೆಟ್ರೋಲ್ ಕಡಿಮೆ ಬಿಸಿಗೇ ಆವಿಯಾಗುತ್ತದೆ. ಪಂಪ್‌ಗೆ ಬರುವ ಪೈಪಿನಲ್ಲಿ ಆವಿ ತುಂಬಿಕೊಂಡರೆ ಪಂಪ್ ಅದನ್ನು ಎಳೆಯಲಾರದು. ನಿಲ್ಲಿಸಿ ಕಾಯುವಾಗ ಎಲ್ಲೋ ಸಣ್ಣ ಸಂದಿಯಿಂದ ಗಾಳಿ ಒಳಗೆ ಸೇರಿ, ಪೈಪೂ ತಣ್ಣಗಾಗಿ ಗಾಡಿ ಸರಿಹೋಗುತ್ತಿತ್ತು.

ಗಾಳಿಯ ದಾರಿ ಮುಚ್ಚಿದ್ದು ಎರಡು ಕಡೆ. ಪೆಟ್ರೋಲ್ ಕಳ್ಳತನ ಆದಮೇಲೆ ಮಾಲೀಕರು ಬೀಗದ ಮುಚ್ಚಳ ಹಾಕಿಸಿದ್ದರು. ಕಂಪನಿಯ ಮುಚ್ಚಳದಲ್ಲಿ ಗಾಳಿ ಒಳಗೆ ಬಿಡುವ ಸಣ್ಣ ವಾಲ್ವ್ ಇತ್ತು, ಇದರಲ್ಲಿ ಇರಲಿಲ್ಲ. ಮುಚ್ಚಳ ಒಂದೇ ಆಗಿದ್ದರೆ ಟ್ಯಾಂಕಿನ ವೆಂಟ್ ಪೈಪ್ ಕಾಪಾಡುತ್ತಿತ್ತೇನೋ. ಆದರೆ ಅದರ ತುದಿಯಲ್ಲಿ ಗಟ್ಟಿ ಮಣ್ಣು ಕೂತಿತ್ತು. ಗಾಡಿ ಬಹಳ ಕಾಲ ನಿಂತಿದ್ದಾಗ ಕಣಜ ಕಟ್ಟಿದ ಗೂಡು ಅದು. ಪೈಪ್ ಬಿಚ್ಚಿ, ಕಂಪ್ರೆಸರ್ ಗಾಳಿ ಊದಿ ಸ್ವಚ್ಛ ಮಾಡಿದೆವು. ಪೈಪ್ ಟ್ಯಾಂಕಿಗೆ ಸೇರಿರುವಾಗ ಗಾಳಿ ಊದಬಾರದು. ಜೆ.ಸಿ. ರಸ್ತೆಯಲ್ಲಿ ವಾಲ್ವ್ ಇರುವ ಮುಚ್ಚಳ ಸಿಕ್ಕಿತು. ಮುಚ್ಚಳ ಸಡಿಲ ಬಿಟ್ಟು ಗಾಡಿ ಓಡಿಸಿ ನೋಡಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ತಿರುವಿನಲ್ಲಿ ಪೆಟ್ರೋಲ್ ಹೊರಗೆ ಚೆಲ್ಲುತ್ತದೆ. ನಿಲ್ಲಿಸಿ ಮುಚ್ಚಳ ತೆಗೆದು, ಸೊಯ್ಯೆನ್ನುವ ಸದ್ದು ಬರುತ್ತಾ ಅಂತ ಕಿವಿಗೊಟ್ಟರೆ ಸಾಕು.

ಎಂಜಿನ್ ಆಯಿಲ್ ಎಲ್ಲಿಂದ ಬರುತ್ತಿತ್ತು

ಸೋರಿಕೆ ಹುಡುಕುವವರು ಸಾಮಾನ್ಯವಾಗಿ ಹನಿ ಬಿದ್ದ ಜಾಗದ ನೇರ ಮೇಲೆ ನೋಡುತ್ತಾರೆ. ಆಯಿಲ್ ಹಾಗೆ ನೇರ ಬೀಳುವುದಿಲ್ಲ. ಮೇಲಿಂದ ಹರಿದು, ಗಾಳಿಗೆ ಹಿಂದಕ್ಕೆ ಸರಿದು, ತಳದ ಯಾವುದೋ ಬೋಲ್ಟಿನ ತುದಿಯಿಂದ ತೊಟ್ಟಿಕ್ಕುತ್ತದೆ. ಹಾಗಾಗಿ ಮೊದಲ ಕೆಲಸ ತೊಳೆಯುವುದು. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಹಿಂದಿನ ಎರಡೂ ಆಕ್ಸಲ್ ಹೌಸಿಂಗ್ ಎಲ್ಲವನ್ನೂ ಚೆನ್ನಾಗಿ ತೊಳೆದು ಒಣಗಿಸಿ, ಅನುಮಾನ ಇದ್ದ ಕಡೆ ಟಾಲ್ಕಂ ಪೌಡರ್ ಉದುರಿಸಿದೆವು. ಒಂದು ಸುತ್ತು ಓಡಿಸಿ ತಂದರೆ ಆಯಿಲ್ ಹೊರಟ ಜಾಗ ಪೌಡರ್ ಮೇಲೆ ಗೆರೆ ಎಳೆದು ತೋರಿಸುತ್ತದೆ. ರಾತ್ರಿ ಅಡಿಯಲ್ಲಿ ರಟ್ಟು ಹಾಸಿ, ಚಕ್ರಗಳ ಜಾಗ ಗುರುತು ಮಾಡಿದೆವು.

ಬೆಳಿಗ್ಗೆ ರಟ್ಟಿನ ಮೇಲೆ ಬೇರೆ ಬೇರೆ ಕಲೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಕೆಳಗೆ ಕಪ್ಪು, ತೆಳು ಎಂಜಿನ್ ಆಯಿಲ್. ಟ್ರಾನ್ಸ್‌ಫರ್ ಕೇಸ್ ಕೆಳಗೆ ಗಂಧಕದ ವಾಸನೆಯ ದಪ್ಪ ಗೇರ್ ಆಯಿಲ್. ಎಡ ಮುಂಚಕ್ರದ ಒಳಬದಿಯಲ್ಲಿ ಗ್ರೀಸ್ ಬೆರೆತ ಗೇರ್ ಆಯಿಲ್. ಟ್ಯಾಂಕ್ ಪಕ್ಕ ಕಲೆ ಇರಲಿಲ್ಲ, ಪೆಟ್ರೋಲ್ ವಾಸನೆ ಮಾತ್ರ ಇತ್ತು. ಕೂಲೆಂಟ್ ಎಲ್ಲೂ ಇರಲಿಲ್ಲ. ಬ್ರೇಕ್ ಆಯಿಲ್ ಡಬ್ಬಿಯ ಮಟ್ಟವೂ ಇಳಿದಿರಲಿಲ್ಲ.

ಬೆಲ್ ಹೌಸಿಂಗ್ ಕೆಳಗೆ ಎಂಜಿನ್ ಆಯಿಲ್ ಅಂದರೆ ತಕ್ಷಣ ಹಿಂದಿನ ಕ್ರ್ಯಾಂಕ್ ಸೀಲ್ ಅಂತ ಹೇಳಿಬಿಡುತ್ತಾರೆ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಕೂಲಿ ದೊಡ್ಡದು. ಆದರೆ ಈ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಕೂತಿರುವುದು ಹೆಡ್‌ನ ಹಿಂತುದಿಯಲ್ಲಿ, ಬೆಲ್ ಹೌಸಿಂಗ್‌ನ ಸರಿ ಮೇಲೆ. ಅದರ ಓ-ರಿಂಗ್ ಒಣಗಿ ಗಟ್ಟಿಯಾದರೆ ಆಯಿಲ್ ಬ್ಲಾಕ್‌ನ ಹಿಂಬದಿಯಲ್ಲಿ ಹರಿದು ಬೆಲ್ ಹೌಸಿಂಗ್ ಕೆಳಗೇ ಹನಿಯುತ್ತದೆ. ಮೇಲಿಂದ ಟಾರ್ಚ್ ಬಿಟ್ಟು ಸಣ್ಣ ಕನ್ನಡಿ ಹಿಡಿದರೆ ಕಾಣುತ್ತದೆ. ಪೌಡರ್ ಮೇಲಿನ ಗೆರೆ ಅಲ್ಲಿಂದಲೇ ಶುರುವಾಗಿತ್ತು. ಹೆಡ್‌ನ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರ್‌ನ, ಪ್ಯಾಕಿಂಗ್‌ನ ಹಿಂಮೂಲೆಯೂ ಒದ್ದೆಯಾಗಿತ್ತು.

ಓ-ರಿಂಗ್, ಪ್ಯಾಕಿಂಗ್ ಬದಲಿಸಿ ಕಳಿಸಬಹುದಿತ್ತು. ಮೇಸ್ತ್ರಿ ಒಪ್ಪಲಿಲ್ಲ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಹಾಕಿ ಇನ್ನೂ ಒಂದು ವರ್ಷವೂ ಆಗಿಲ್ಲ ಅಂತ ಮಾಲೀಕರು ಹೇಳಿದ್ದರು. ಹೊಸ ಪ್ಯಾಕಿಂಗ್ ಅಷ್ಟು ಬೇಗ ಯಾಕೆ ಸೋರಬೇಕು? ಒಳಗಿಂದ ಏನೋ ತಳ್ಳುತ್ತಿದೆ ಅಲ್ವಾ?

ಇದಕ್ಕೆ ಸುಲಭದ ಪರೀಕ್ಷೆ ಇದೆ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಇಡಬೇಕು. ಕವರ್ ಮೆಲ್ಲಗೆ ಒಳಕ್ಕೆ ಎಳೆದುಕೊಂಡರೆ ಸರಿ. ಇಲ್ಲಿ ಉಬ್ಬಿ ನಿಂತಿತು. ಅಂದರೆ ಕ್ರ್ಯಾಂಕ್‌ಕೇಸ್ (ಪಿಸ್ಟನ್‌ಗಳ ಕೆಳಗಿನ ಗೂಡು) ಒಳಗೆ ಒತ್ತಡ ಇದೆ.

ರಿಂಗ್ ಹೋಗಿದೆ ಅಂದವರಿಗೂ ಬಹುಶಃ ಇದೇ ಕಂಡಿತ್ತು. ಆದರೆ ಒತ್ತಡ ಜಾಸ್ತಿ ಇರುವುದಕ್ಕೆ ಎರಡು ಕಾರಣ ಇರಬಹುದು. ರಿಂಗ್ ದಾಟಿ ಬರುವ ಹೊಗೆ ಜಾಸ್ತಿ ಇರಬಹುದು, ಇಲ್ಲವೇ ಬಂದ ಹೊಗೆ ಹೊರಗೆ ಹೋಗುವ ದಾರಿ ಮುಚ್ಚಿರಬಹುದು. ಎಷ್ಟೇ ಒಳ್ಳೆಯ ಎಂಜಿನ್‌ನಲ್ಲೂ ಸ್ವಲ್ಪ ಹೊಗೆ ರಿಂಗ್ ದಾಟಿ ಕೆಳಗೆ ಬಂದೇ ಬರುತ್ತದೆ. ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರ್‌ನಲ್ಲಿ ಬರುವ ಒತ್ತಡ) ನೋಡಿದೆವು: ಎಂಜಿನ್ ಬಿಸಿ ಇರುವಾಗ, ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಇದ್ದವು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಪುಸ್ತಕದ ಅಂಕಿಗಿಂತ ಇಲ್ಲಿ ಸ್ವಲ್ಪ ಕಮ್ಮಿ ಬರುವುದು ಸಹಜ. ಅದನ್ನು ನೋಡಿ ಹೆದರಬೇಕಿಲ್ಲ. ರಿಂಗ್ ಚೆನ್ನಾಗಿತ್ತು.

ಮುಚ್ಚಿದ್ದು ದಾರಿಯೇ. ಈ ಹೊಗೆಯನ್ನು ಮತ್ತೆ ಎಂಜಿನ್‌ಗೇ ಎಳೆದು ಉರಿಸಲು ಬಿಡುವ, ಇನ್‌ಟೇಕ್ ಮ್ಯಾನಿಫೋಲ್ಡ್ ಬಳಿಯ ಪಿಸಿವಿ ವಾಲ್ವ್ ತೆಗೆದು ಅಲ್ಲಾಡಿಸಿದರೆ ಕಟಕಟ ಸದ್ದು ಬರಬೇಕು. ಇದು ಕರಿ ಗಸಿ ಹಿಡಿದು ಕಲ್ಲಾಗಿತ್ತು. ಟ್ಯಾಪೆಟ್ ಕವರ್‌ನಿಂದ ಏರ್ ಕ್ಲೀನರ್‌ಗೆ ಹೋಗುವ ಹೋಸ್ ಬದಲು ಯಾರೋ ಮಾಮೂಲಿ ನೀರಿನ ಪೈಪ್ ಹಾಕಿದ್ದರು. ಆಯಿಲ್ ಆವಿ ತಗುಲಿ ಅದು ಮೆತ್ತಗಾಗಿ, ಬಾಗಿದ ಜಾಗದಲ್ಲಿ ಚಪ್ಪಟೆಯಾಗಿತ್ತು. ಹೊಗೆಗೆ ಎರಡೂ ಬಾಗಿಲು ಬಂದ್. ಉಳಿದದ್ದು ಸೀಲ್‌ಗಳ ಸಂದಿ ಮಾತ್ರ.

ವಾಲ್ವ್ ಹೊಸದು, ಆಯಿಲ್ ತಡೆಯುವ ಹೋಸ್ ಹೊಸದು, ಓ-ರಿಂಗ್ ಮತ್ತು ಪ್ಯಾಕಿಂಗ್ ಹೊಸದು. ಡಿಸ್ಟ್ರಿಬ್ಯೂಟರ್ ಬಿಚ್ಚುವ ಮೊದಲು ಅದು ಕೂತಿದ್ದ ಕಡೆ ಗುರುತು ಹಾಕಿದೆವು, ವಾಪಸ್ ಕೂರಿಸಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ನೋಡಿದೆವು. ಪ್ಲಾಸ್ಟಿಕ್ ಕವರ್ ಈಗ ಒಳಕ್ಕೆ ಎಳೆದುಕೊಂಡಿತು. ಹಿಂದಿನ ಕ್ರ್ಯಾಂಕ್ ಸೀಲ್ ಮುಟ್ಟಲೇ ಇಲ್ಲ. ಬೆಲ್ ಹೌಸಿಂಗ್ ಒಣಗಿಯೇ ಇದೆ.

ಸಿಗ್ನಲ್‌ನಲ್ಲಿ ಆಫ್ ಆಗುವುದು

ಪಿಸಿವಿ ಹೊಸದು ಹಾಕಿದ ಮೇಲೆ ಸಿಗ್ನಲ್ ತೊಂದರೆ ಇನ್ನೂ ಜಾಸ್ತಿಯಾಯಿತು. ಇದು ಬರುತ್ತದೆ ಅಂತ ಮೇಸ್ತ್ರಿ ಮೊದಲೇ ಹೇಳಿದ್ದರು. ಪಿಸಿವಿ ಮೂಲಕ ಐಡ್ಲಿಂಗ್‌ನಲ್ಲಿ ಎಂಜಿನ್‌ಗೆ ಸ್ವಲ್ಪ ಗಾಳಿ ಸೇರುವುದು ಕಂಪನಿಯ ಲೆಕ್ಕದಲ್ಲೇ ಇದೆ. ವಾಲ್ವ್ ಕಟ್ಟಿದಾಗ ಆ ಗಾಳಿ ನಿಂತು ಪೆಟ್ರೋಲ್-ಗಾಳಿ ಮಿಶ್ರಣ ದಪ್ಪವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ. ಎಮಿಷನ್ ಟೆಸ್ಟ್‌ನಲ್ಲಿ ಈ ಗಾಡಿಯ ಕಾಲದ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3. ಅದು ದಾಟಿದಾಗ ಯಾರೋ ಮಿಕ್ಸ್ಚರ್ ಸ್ಕ್ರೂ ಬಿಗಿದು ತೆಳು ಮಾಡಿದ್ದಾರೆ. ಈಗ ಸರಿಯಾದ ಗಾಳಿ ವಾಪಸ್ ಬಂತು, ಮಿಶ್ರಣ ತೀರಾ ತೆಳುವಾಯಿತು.

ಇದರ ಜೊತೆ ಇವತ್ತಿನ ಪೆಟ್ರೋಲ್ ಸೇರಿಸಿ ನೋಡಬೇಕು. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಶುದ್ಧ ಪೆಟ್ರೋಲ್ ಒಂದು ಕೆ.ಜಿ. ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಕೆ.ಜಿ. ಸಾಕು. ಎಂಪಿಎಫ್‌ಐ ಗಾಡಿಯ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಕಾರ್ಬೊರೇಟರ್ ಜೆಟ್‌ಗೆ ಆ ಬುದ್ಧಿ ಇಲ್ಲ, ಮೊದಲಿನಷ್ಟೇ ಬಿಡುತ್ತದೆ. ಹಾಗಾಗಿ ಮಿಶ್ರಣ ಮತ್ತೂ ತೆಳು. ನಮ್ಮ ಊರಿನ ಎತ್ತರದ ತೆಳು ಗಾಳಿ ಇದನ್ನು ಸ್ವಲ್ಪ ಸರಿದೂಗಿಸುತ್ತದೆ, ಪೂರ್ತಿ ಅಲ್ಲ. ಇಷ್ಟು ಸಾಲದು ಅನ್ನುವಂತೆ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಹೋಸ್ ತುದಿಯಲ್ಲಿ ಬಿರುಕು ಇತ್ತು, ಅಲ್ಲಿಂದಲೂ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿತ್ತು. ತುದಿ ಕತ್ತರಿಸಿ ಹಾಕುವ ಬದಲು ಹೋಸನ್ನೇ ಬದಲಿಸಿದೆವು.

ಇದೆಲ್ಲ ಆದ ಮೇಲೆ, ಎಂಜಿನ್ ಪೂರ್ತಿ ಬಿಸಿಯಾಗಿರುವಾಗ ಐಡ್ಲಿಂಗ್ 800ರಿಂದ 900 ಆರ್‌ಪಿಎಂ ನಡುವೆ ಇಟ್ಟು, ಮಿಕ್ಸ್ಚರ್ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸಿ ಎಂಜಿನ್ ಅತಿ ನಯವಾಗಿ ಓಡುವ ಜಾಗ ಹುಡುಕಿದೆವು. ಎಮಿಷನ್ ಮಿತಿಯೊಳಗೇ ಬಂತು. ಈ ಸೆಟ್ಟಿಂಗ್ ಕೊನೆಯ ಕೆಲಸವಾಗಿರಬೇಕು. ಗಾಳಿ ಸೋರಿಕೆ ಇಟ್ಟುಕೊಂಡು ಸ್ಕ್ರೂ ತಿರುಗಿಸಿದವರೇ ಈ ಗಾಡಿಯನ್ನು ಇಷ್ಟು ಕೆಡಿಸಿದ್ದು.

ಕೆಳಗಿನ ಸೀಲ್‌ಗಳು

ಎಡ ಮುಂಚಕ್ರದಲ್ಲೂ ಗಾಳಿಯ ದಾರಿ ಮುಚ್ಚಿದ ಕಥೆಯೇ. ಆಕ್ಸಲ್ ಹೌಸಿಂಗ್ ಮೇಲೆ ಬೆರಳಿನ ಗಾತ್ರದ ಬ್ರೀದರ್ ಇದೆ. ಓಡುವಾಗ ಆಯಿಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಹೊರಗೆ ಹೋಗಲು ಇರುವ ದಾರಿ ಅದೊಂದೇ. ಸಾವನದುರ್ಗದ ಕಡೆಯ ಕೆಮ್ಮಣ್ಣು ಅದರಲ್ಲಿ ಒಣಗಿ ಕೂತಿತ್ತು. ಗಾಳಿ ಆಯಿಲ್ಲನ್ನು ಒಳ ಸೀಲ್ ದಾಟಿಸಿ ಚಕ್ರ ಎಡಬಲ ತಿರುಗುವ ಗೆಣ್ಣಿಗೆ, ಅಂದರೆ ಸ್ಟಿಯರಿಂಗ್ ನಕಲ್‌ಗೆ ತಳ್ಳಿತ್ತು. ನೀರು ದಾಟುವ ಗಾಡಿಗೆ ಇದರಲ್ಲಿ ಇನ್ನೊಂದು ಅಪಾಯ ಇದೆ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ಮುಚ್ಚಿದ್ದರೆ ಸೀಲ್ ಕಡೆಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಡ್ರೈನ್ ಬೋಲ್ಟ್ ತೆಗೆದಾಗ ಬಂದ ಆಯಿಲ್ ಬಿಳಿಚಿತ್ತು, ನೀರು ಸೇರಿತ್ತು. ಎರಡೂ ಹೌಸಿಂಗ್ ಆಯಿಲ್ ಬದಲಿಸಿದೆವು. ಬ್ರೀದರ್‌ಗಳಿಗೆ ಹೋಸ್ ಹಾಕಿ, ಮುಂದಿನದನ್ನು ಬಾನೆಟ್ ಒಳಗೆ, ಹಿಂದಿನದನ್ನು ಬಾಡಿ ಪಕ್ಕ ಎತ್ತರಕ್ಕೆ ಒಯ್ದೆವು. ಎಡಗಡೆಯ ಸೀಲ್ ಬದಲಿಸಲೇಬೇಕಿತ್ತು. ಈ ಆಯಿಲ್ ಬ್ರೇಕ್ ಮೇಲೆ ಬಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಇದಕ್ಕೆ ಕಾಯಬಾರದು.

ಟ್ರಾನ್ಸ್‌ಫರ್ ಕೇಸ್ ಮಾತ್ರ ಬೇರೆ. ಅದರ ಬ್ರೀದರ್ ಚೆನ್ನಾಗಿಯೇ ಇತ್ತು. ಪ್ರೊಪೆಲರ್ ಶಾಫ್ಟ್ ಸೇರುವ ಹಿಂದಿನ ಫ್ಲಾಂಜ್‌ನಲ್ಲಿ ಸೀಲ್ ಉಜ್ಜುವ ಜಾಗದಲ್ಲಿ ಕಚ್ಚು ಬಿದ್ದಿತ್ತು, ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಆಳ. ಅದರ ಮೇಲೆ ಎಷ್ಟು ಹೊಸ ಸೀಲ್ ಹಾಕಿದರೂ ಬೇಗ ಸೋರುತ್ತದೆ. ಪೀಣ್ಯದಲ್ಲಿ ಲೇತ್‌ಗೆ ಕೊಟ್ಟು ತೆಳು ಸ್ಲೀವ್ ಹಾಕಿಸಿ, ನುಣುಪು ಮಾಡಿಸಿ, ಆಮೇಲೆ ಸೀಲ್ ಕೂರಿಸಿದೆವು. ಈ ಕೇಸ್ ಹಿಡಿಯುವ ಆಯಿಲ್ ಒಂದು ಲೀಟರಿಗೂ ಕಮ್ಮಿ. ಸಣ್ಣ ಸೋರಿಕೆಯಾದರೂ ಮಟ್ಟ ಬೇಗ ಇಳಿದು ಒಳಗಿನ ಗೇರ್ ಹಾಳಾಗುತ್ತದೆ.

ಪೆಟ್ರೋಲ್ ವಾಸನೆಗೆ ಕಾರಣ ಟ್ಯಾಂಕಿನಿಂದ ಲೋಹದ ಪೈಪಿಗೆ ಸೇರುವ ಹಳೆ ರಬ್ಬರ್ ಹೋಸ್. ಮಡಚಿ ನೋಡಿದರೆ ಮೈಯೆಲ್ಲ ಬಿರುಕು. ಹಳೆ ರಬ್ಬರ್‌ಗೆ ಎಥನಾಲ್ ಒಗ್ಗುವುದಿಲ್ಲ. ಹೊಸ ಹೋಸ್ ಕೊಳ್ಳುವಾಗ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಮುದ್ರೆ ಇದೆಯಾ ನೋಡಿ. ಅದು ಎಥನಾಲ್ ತಡೆಯುತ್ತದೆ. ಫಿಲ್ಟರನ್ನೂ ಬದಲಿಸಿದೆವು. ಟ್ಯಾಂಕಿನ ಹಳೆ ಕಸವನ್ನು ಎಥನಾಲ್ ಸಡಿಲ ಮಾಡಿ ಮುಂದಕ್ಕೆ ತರುತ್ತದೆ, ಹಾಗಾಗಿ ಮುಂದಿನ ಫಿಲ್ಟರ್ ಬೇಗ ನೋಡಿ ಅಂತ ಮಾಲೀಕರಿಗೆ ಹೇಳಿದ್ದೇವೆ.

ಕೊನೆಯ ಪರೀಕ್ಷೆಗೆ ಫುಲ್ ಟ್ಯಾಂಕ್ ಹಾಕಿಸಿ ನಂದಿ ಬೆಟ್ಟ ಹತ್ತಿಸಿದೆವು. ಎತ್ತರ 1478 ಮೀಟರ್, ಮೇಲೆ ತಿರುವು ಕಡಿದು, ಕಮ್ಮಿ ಗೇರಿನಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗುತ್ತದೆ. ವಾಪಸ್ ಬರುವಾಗ ಹೆಬ್ಬಾಳದ ಸಂಜೆ ಟ್ರಾಫಿಕ್. ಎಲ್ಲೂ ಆಫ್ ಆಗಲಿಲ್ಲ. ಮರುದಿನ ರಟ್ಟಿನ ಮೇಲೆ ಬಲ ಮುಂಚಕ್ರದ ಕೆಳಗೆ ಸ್ವಲ್ಪ ಜಿನುಗಿದ ಗುರುತು ಮಾತ್ರ ಇತ್ತು. ಆ ಕಡೆಯ ಕಿಂಗ್‌ಪಿನ್ ಬೇರಿಂಗ್‌ನಲ್ಲೂ (ನಕಲ್ ತಿರುಗಲು ಇರುವ ಬೇರಿಂಗ್) ಸ್ವಲ್ಪ ಆಟ ಇದೆ. ಮಳೆಗಾಲಕ್ಕೆ ಮುಂಚೆ ಬೇರಿಂಗ್ ಬಿಚ್ಚುವಾಗ ಆ ಸೀಲನ್ನೂ ಹಾಕುವುದು ಅಂತ ಮಾತಾಗಿದೆ. ಅಲ್ಲಿಯವರೆಗೆ ಆ ಹೌಸಿಂಗ್‌ನ ಆಯಿಲ್ ಮಟ್ಟ ನೋಡುತ್ತಿರಲು ಮಾಲೀಕರಿಗೆ ಫಿಲ್ಲರ್ ಬೋಲ್ಟ್ ತೋರಿಸಿ ಕಳಿಸಿದ್ದೇವೆ.